7 ದಿನ ಹೊರದೇಶಕ್ಕೆ ಕರೆದುಕೊಂಡು ಹೋಗುತ್ತೇವೆ ಅಂದರೆ ಸಂಘದ ಅಕ್ಕಂದಿರು ಹೋಗಬೇಕಾ?

ಕಿಶನಗಢದ ಲೆಕ್ಕಿಗ

ಎಲ್ಲರಿಗೂ ನಮಸ್ಕಾರ. ನಮ್ಮೂರು ಕೊಪ್ಪಳ ಜಿಲ್ಲೆ. ಕೆಲಸ ರಾಜಸ್ಥಾನದ ಕಿಶನಗಢದಲ್ಲಿ, ಮಾರ್ಬಲ್ ಗೋದಾಮಿನಲ್ಲಿ ಲೆಕ್ಕ ಬರೆಯುತ್ತೇನೆ. ನಮ್ಮಕ್ಕ ಊರಲ್ಲಿ ಹೆಂಗಸರ ಸ್ವಸಹಾಯ ಸಂಘಗಳು ಸೇರಿದ ಸಂಜೀವಿನಿ ಒಕ್ಕೂಟದ ಸದಸ್ಯೆ. ಪಂಚಾಯಿತಿಯ ಕಸದ ಗಾಡಿ ಸ್ವಚ್ಛವಾಹಿನಿ ಓಡಿಸುವುದು, ಒಣ ಕಸ ಬೇರೆ ಮಾಡಿ ಮಾರುವುದು ಅವರ ಕೆಲಸ. ಈಗ ಒಂದು ಸಂಸ್ಥೆಯವರು ಬಂದು 12 ಜನರನ್ನು 7 ದಿನ ಶ್ರೀಲಂಕಾಕ್ಕೆ ಕರೆದುಕೊಂಡು ಹೋಗುತ್ತೇವೆ, ಅಲ್ಲಿನ ಹೆಂಗಸರ ಸಂಘಗಳನ್ನು ನೋಡಿ ಕಲಿತು ಬನ್ನಿ ಅಂದಿದ್ದಾರಂತೆ. ಅಕ್ಕ ಫೋನ್ ಮಾಡಿ, "ಹೋಗಬೇಕೇನೋ ತಮ್ಮಾ? 7 ದಿನದಾಗ ಏನ್ ಕಲೀತೀವಿ?" ಅಂತ ಕೇಳಿದಳು. ನನಗೆ ಉತ್ತರ ಹೊಳೆಯಲಿಲ್ಲ.

ನನಗೆ ಗೊತ್ತಿರುವುದು ಒಂದೇ ಉದಾಹರಣೆ. ನಮ್ಮ ಪಕ್ಕದ ತಿಲೋನಿಯಾ. ಅಲ್ಲಿ ಬಂಕರ್ ರಾಯ್ 1972ರಲ್ಲಿ ಶುರು ಮಾಡಿದ ಬೇರ್‌ಫುಟ್ ಕಾಲೇಜ್ ಇದೆ. 2019ರ ಜನವರಿಯಲ್ಲಿ ಒಂದು ದಿನ ರಜೆ ಹಾಕಿ ನೋಡಲು ಹೋಗಿದ್ದೆ. ಉದ್ದನೆಯ ಮೇಜು. ಸುತ್ತ ಆಫ್ರಿಕಾದ, ಬೇರೆ ಬೇರೆ ದೇಶಗಳ ಹೆಂಗಸರು. ಜಾಸ್ತಿ ಜನ ನಮ್ಮಮ್ಮನ ವಯಸ್ಸಿನವರು, ಕೆಲವರು ಅಜ್ಜಿಯರು. ರಾಜಸ್ಥಾನದ ಚಳಿಗೆ ಮೇಲೆ ಸ್ವೆಟರ್, ಕೆಳಗೆ ಅವರ ದೇಶದ ಬಣ್ಣದ ಬಟ್ಟೆ. ಕೈಯಲ್ಲಿ ಸೋಲ್ಡರಿಂಗ್ ಐರನ್. ಒಬ್ಬರ ಭಾಷೆ ಇನ್ನೊಬ್ಬರಿಗೆ ಬರುವುದಿಲ್ಲ. ಕಲಿಸುವವರು ಅಲ್ಲಿನ ಹಳ್ಳಿಯ ಹೆಂಗಸರೇ, ಅವರಿಗೂ ಓದು ಅಷ್ಟಕ್ಕಷ್ಟೇ. ಕೈಸನ್ನೆ, ಬಣ್ಣದ ಗುರುತು, ಮಾಡಿ ತೋರಿಸುವುದು. ಇಷ್ಟರಲ್ಲೇ 6 ತಿಂಗಳಲ್ಲಿ ಸೋಲಾರ್ ಲೈಟು, ಬ್ಯಾಟರಿ ಚಾರ್ಜ್ ಆಗುವುದನ್ನು ಹಿಡಿತದಲ್ಲಿಡುವ ಚಾರ್ಜ್ ಕಂಟ್ರೋಲರ್ ಜೋಡಿಸಲು, ರಿಪೇರಿ ಮಾಡಲು ಕಲಿತು ಹೋಗುತ್ತಿದ್ದರು. ವಿಮಾನದ ಖರ್ಚು, ತರಬೇತಿ ಖರ್ಚು ನಮ್ಮ ವಿದೇಶಾಂಗ ಸಚಿವಾಲಯದ್ದು, 1964ರಿಂದ ನಡೆಯುತ್ತಿರುವ ಐಟೆಕ್ ಅನ್ನುವ ಕಾರ್ಯಕ್ರಮದಲ್ಲಿ.

ಅವರನ್ನು ಸೋಲಾರ್ ಮಾಮಾ ಅನ್ನುತ್ತಾರೆ. ಅಕ್ಕನಿಗೆ ಹೇಳಿದರೆ "ಮಾವಂದಿರಿಗೆ ಅಲ್ಲೇನು ಕೆಲಸ?" ಅಂದಳು. ಸ್ವಾಹಿಲಿಯಲ್ಲಿ ಮಾಮಾ ಅಂದರೆ ಅಮ್ಮ ಅಂತೆ.

ನನ್ನ ಪ್ರಶ್ನೆ ಇಷ್ಟೇ. ಹೀಗೆ ಗಡಿ ದಾಟಿ ಕಲಿತವರು ವಾಪಸ್ ಹೋದ ಮೇಲೆ ಊರಿನಲ್ಲಿ ಏನಾದರೂ ನಿಲ್ಲುತ್ತದಾ? ಅಕ್ಕನಿಗೆ ಏನು ಹೇಳಲಿ?

ಎದುರು ಮಾತು

ಹೇಳುವುದೇನು, ಹೋಗಿ ಸಮುದ್ರ ನೋಡಿ ಬರಲಿ. ಕಲಿಕೆ ಅಂತ ಮಾತ್ರ ಅಂದುಕೊಳ್ಳುವುದು ಬೇಡ.

ನಾನೂ ಸಂಘದ ಜೊತೆ ಇಂಥ "ಅಧ್ಯಯನ ಪ್ರವಾಸ"ಕ್ಕೆ ಹೋಗಿದ್ದೆ. ಹೊರದೇಶ ಅಲ್ಲ, ಪಕ್ಕದ ರಾಜ್ಯ. 3 ದಿನ, ಒಂದು ಬಸ್ಸು, 46 ಜನ. ಹೋದ ಕಡೆಯೆಲ್ಲ ಬ್ಯಾನರ್ ಹಿಡಿದು ನಿಲ್ಲಿಸಿದರು. ಮಾದರಿ ಗ್ರಾಮದಲ್ಲಿ ನಾವು ನೋಡಿದ್ದು ಒಂದು ಹಾಲ್, ಒಂದು ಪ್ರೊಜೆಕ್ಟರ್, ಗೋಡಂಬಿ ಹಾಕಿದ ಉಪ್ಪಿಟ್ಟು. ಆ ಊರಿನ ಒಬ್ಬ ಹೆಂಗಸಿನ ಜೊತೆಗೂ ಕೂತು ಮಾತಾಡಲು ಬಿಡಲಿಲ್ಲ, "ಟೈಮ್ ಆಯ್ತು ಮೇಡಂ" ಅಂದರು. ಊರಿಗೆ ಬಂದ ಮೇಲೆ ವರದಿ ಬರೆದವರು ಸಂಸ್ಥೆಯ ಹುಡುಗರು. ನಾವು ಕಲಿತೆವು ಅಂತ ಅದರಲ್ಲಿ 11 ಅಂಶ ಇತ್ತು. ಒಂದೂ ನಮಗೆ ಗೊತ್ತಿರಲಿಲ್ಲ!

ಇನ್ನೊಂದು ಮಾತು. ಕಸದ ಕೆಲಸ ಕಲಿಯಲು ಶ್ರೀಲಂಕಾ ಯಾಕೆ? ಪುಣೆಯಲ್ಲಿ ಚಿಂದಿ ಆಯುವವರು 1993ರಲ್ಲೇ ಸಂಘ ಕಟ್ಟಿದರು, ಆಮೇಲೆ ಅವರದ್ದೇ ಸಹಕಾರ ಸಂಘ ಆಯಿತು, ಸ್ವಚ್ಛ್ ಅಂತ. ಮನೆ ಮನೆಯಿಂದ ಕಸ ತರುತ್ತಾರೆ, ಹೆಚ್ಚಿನವರು ಹೆಂಗಸರು. ಬೆಂಗಳೂರಿನಲ್ಲಿ ಚಿಂದಿ ಆಯುವವರ ಜೊತೆ ಕೆಲಸ ಮಾಡುವ ಹಸಿರು ದಳ ಇದೆ. ಕೊಪ್ಪಳದಿಂದ ಪುಣೆಗೆ ಒಂದು ರಾತ್ರಿಯ ಬಸ್ಸು. ಪಾಸ್‌ಪೋರ್ಟೂ ಬೇಡ, ಸೂಟ್‌ಕೇಸೂ ಬೇಡ.

ಸೋಲಾರ್ ರಿಪೇರಿ, ಧಾರವಾಡ

ಲೆಕ್ಕಿಗರೇ, "ವಾಪಸ್ ಹೋದ ಮೇಲೆ ಏನು" ಅನ್ನುವುದು ಸರಿಯಾದ ಪ್ರಶ್ನೆ. ನಾನು 14 ವರ್ಷದಿಂದ ಹಳ್ಳಿ ಮನೆಗಳ ಸೋಲಾರ್ ಲೈಟ್ ರಿಪೇರಿ ಮಾಡುತ್ತಿದ್ದೇನೆ. ನಮ್ಮ ಕಡೆಯಿಂದ ನೋಡಿದರೆ ಹೇಗೆ ಕಾಣುತ್ತದೆ ಅಂತ ಹೇಳುತ್ತೇನೆ.

ಪ್ಯಾನೆಲ್ 20–25 ವರ್ಷ ಬಾಳುತ್ತದೆ. ಅದಕ್ಕೆ ಧೂಳು ಒರೆಸಿದರೆ ಸಾಕು. ಸಾಯುವುದು ಬ್ಯಾಟರಿ. ಹಳೆ ಲೆಡ್ ಆಸಿಡ್ ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಹಾಕದೆ ಬಿಟ್ಟರೆ ಪ್ಲೇಟ್ ಒಣಗಿ ಇನ್ನೂ ಬೇಗ ಹೋಗುತ್ತದೆ. ಚೆನ್ನಾಗಿ ನೋಡಿಕೊಂಡರೂ 4–5 ವರ್ಷ. ಹಾಗಾಗಿ ದೀಪ ಹತ್ತಿದ ದಿನ ಎಲ್ಲರೂ ಇರುತ್ತಾರೆ, ಮಂತ್ರಿ ಇರುತ್ತಾರೆ, ಹಾರ ಇರುತ್ತದೆ. ಪರೀಕ್ಷೆ ನಡೆಯುವುದು ಐದನೇ ವರ್ಷ. ಆ ದಿನ ಹೊಸ ಬ್ಯಾಟರಿಗೆ ದುಡ್ಡು ಯಾರ ಹತ್ತಿರ ಇದೆ?

ತಿಲೋನಿಯಾದವರ ಪದ್ಧತಿಯಲ್ಲಿ ನನಗೆ ಮೆಚ್ಚುಗೆಯಾದದ್ದು ಇಲ್ಲೇ. ಅಜ್ಜಿಯನ್ನು ಕಳಿಸುವ ಮೊದಲೇ ಊರಿನವರು ಸೇರಿ ಸೋಲಾರ್ ಸಮಿತಿ ಮಾಡಬೇಕು. ಯಾರು ಹೋಗಬೇಕು ಅಂತ ಊರೇ ಆರಿಸಬೇಕು. ಸೀಮೆಎಣ್ಣೆ, ಮೇಣದಬತ್ತಿ, ಟಾರ್ಚ್ ಸೆಲ್‌ಗೆ ತಿಂಗಳಿಗೆ ಎಷ್ಟು ಹೋಗುತ್ತಿತ್ತೋ ಸುಮಾರು ಅಷ್ಟನ್ನು ಪ್ರತಿ ಮನೆ ಕಟ್ಟಬೇಕು. ಅದರಲ್ಲಿ ಅಜ್ಜಿಗೆ ಸಂಬಳ, ಸ್ಪೇರ್ ಸಾಮಾನಿಗೆ ದುಡ್ಡು. ಊರಲ್ಲೇ ಒಂದು ಕೋಣೆ ಅವಳ ವರ್ಕ್‌ಶಾಪ್. ಇದು ಸರಿಯಾಗಿ ನಡೆದ ಕಡೆ ದೀಪ ಉರಿಯುತ್ತದೆ. ಕಂತು ನಿಂತ ಕಡೆ ದೀಪವೂ ನಿಲ್ಲುತ್ತದೆ. ಅಜ್ಜಿ ಎಷ್ಟು ಚೆನ್ನಾಗಿ ಕಲಿತಳು ಅನ್ನುವುದು ಅಲ್ಲಿ ಲೆಕ್ಕಕ್ಕೇ ಬರುವುದಿಲ್ಲ.

ಇನ್ನೊಂದು ತೊಡಕು ಹೊರಗಿನವರಿಗೆ ಕಾಣುವುದಿಲ್ಲ. ತರಬೇತಿಯ ದುಡ್ಡು ಬೇರೆ, ಸಾಮಾನಿನ ದುಡ್ಡು ಬೇರೆ. ಐಟೆಕ್ ಕೊಡುವುದು ಮೊದಲನೆಯದು. ಪ್ಯಾನೆಲ್, ಬ್ಯಾಟರಿಗೆ ಬೇರೆ ದಾನಿ ಹುಡುಕಬೇಕು, ಅದು ಹಡಗಿನಲ್ಲಿ ಬರಬೇಕು, ಕಸ್ಟಮ್ಸ್ ದಾಟಬೇಕು. ಅಷ್ಟು ದಿನ ಕೈ ಸುಮ್ಮನೆ ಕೂತರೆ ಕಲಿತದ್ದು ಮರೆತುಹೋಗುತ್ತದೆ. ನನ್ನ ಕೈಕೆಳಗಿನ ಹುಡುಗ 2 ತಿಂಗಳು ಊರಿಗೆ ಹೋಗಿ ಬಂದರೇ ವಯರ್ ತಪ್ಪಾಗಿ ಕೊಡುತ್ತಾನೆ.

ನಮ್ಮ ಕಡೆ ಸೆಲ್ಕೋ ಅನ್ನುವ ಸೋಲಾರ್ ಕಂಪನಿ 1995ರಲ್ಲಿ ಶುರುವಾದಾಗ ಇದನ್ನು ಬೇರೆ ರೀತಿ ಬಿಡಿಸಿತು. ಬ್ಯಾಂಕ್ ಸಾಲ, ಹತ್ತಿರದಲ್ಲೇ ಸರ್ವಿಸ್ ಸೆಂಟರ್. ಅದನ್ನು ಕಟ್ಟಿದ ಹರೀಶ್ ಹಂದೆಯವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತಲ್ಲ. ದಾರಿ ಬೇರೆ ಬೇರೆ, ಗಂಟು ಒಂದೇ: ಕೆಟ್ಟ ದಿನ ಬರುವವರು ಯಾರು.

ಮಾಜಿ ಸಹಯೋಗಿನಿ

ತಮ್ಮಾ, ನಿಮ್ಮಕ್ಕನಿಗೆ ನನ್ನ ಕಡೆಯಿಂದ ಮೊದಲು ಒಂದು ಪ್ರಶ್ನೆ ಕೇಳು. 12 ಜನ ಯಾರು ಅಂತ ತೀರ್ಮಾನ ಮಾಡಿದವರು ಯಾರು? ಒಕ್ಕೂಟವಾ, ಸಂಸ್ಥೆಯವರಾ, ಇಲ್ಲ ಅಧ್ಯಕ್ಷೆಯ ಗಂಡನಾ?

ನಾನು ಹಳ್ಳಿ ಹೆಂಗಸರ ಸಂಘ ಕಟ್ಟುವ ಸರ್ಕಾರದ ಕಾರ್ಯಕ್ರಮ ಮಹಿಳಾ ಸಮಖ್ಯಾದಲ್ಲಿ ಸಹಯೋಗಿನಿ, ಅಂದರೆ ಹಳ್ಳಿ ಹಳ್ಳಿ ತಿರುಗುವ ಕಾರ್ಯಕರ್ತೆ, ಆಗಿದ್ದವಳು. 1989ರಲ್ಲಿ ಕರ್ನಾಟಕ, ಗುಜರಾತ್, ಉತ್ತರ ಪ್ರದೇಶದಲ್ಲಿ ಶುರುವಾದದ್ದು, ಮೊದಲಿಗೆ ದುಡ್ಡು ಡಚ್ಚರ ಸರ್ಕಾರದ್ದು. ಒಬ್ಬ ಸಹಯೋಗಿನಿಗೆ ಸುಮಾರು 10 ಹಳ್ಳಿ. ಸಂಘದ ಹೆಂಗಸರನ್ನು ಬೇರೆ ಜಿಲ್ಲೆಗೆ ಕರೆದುಕೊಂಡು ಹೋಗುವುದೇ ಆಗ ದೊಡ್ಡ ಗಡಿ ದಾಟಿದ ಹಾಗೆ. ಗಂಡ, ಅತ್ತೆ, ಎಮ್ಮೆ, ಮೂವರನ್ನೂ ಒಪ್ಪಿಸಬೇಕಿತ್ತು. ಎಮ್ಮೆ ಬೇಗ ಒಪ್ಪುತ್ತಿತ್ತು.

ಆ ತಿರುಗಾಟದಲ್ಲಿ ಕಲಿತದ್ದು ಏನು ಅಂದರೆ ಲೋನ್ ಫಾರ್ಮ್ ತುಂಬುವುದು ಅಲ್ಲ. ಒಂದು ಊರಿನ ಸಂಘದವರು ಸಾರಾಯಿ ಅಂಗಡಿ ಮುಂದೆ ಕೂತು ಅದನ್ನು ಎಬ್ಬಿಸಿದ್ದರು. ನಮ್ಮವರು ಹೋಗಿ ಅವರ ಮನೆಯಲ್ಲೇ ಉಳಿದರು, ರೊಟ್ಟಿ ಬಡಿದರು. ರಾತ್ರಿ ಮಲಗಿದ ಮೇಲೆ ಮಾತು ಶುರು. "ಪೊಲೀಸರು ಬಂದಾಗ ನಿಮಗೆ ಹೆದರಿಕೆ ಆಗಲಿಲ್ಲವಾ?" "ಆಯ್ತವ್ವ, ಕಾಲು ನಡುಗಿದ್ವು. ಆದ್ರ ಕೂತಿದ್ವಿ ನೋಡು, ಅದಕ್ಕ ಕಾಣಲಿಲ್ಲ." ಈ ಮಾತು ಯಾವ ಪ್ರೊಜೆಕ್ಟರ್‌ನಲ್ಲೂ ಬರುವುದಿಲ್ಲ. ಅದಕ್ಕೇ ನಾನು ಎದುರು ಮಾತು ಅವರ ಬಸ್ಸಿನ ಕತೆ ಒಪ್ಪುತ್ತೇನೆ, ಆದರೆ ಹೋದರೆ ಕಲಿಕೆಯೇ ಆಗುವುದಿಲ್ಲ ಅನ್ನುವುದನ್ನು ಒಪ್ಪುವುದಿಲ್ಲ. ಲಾಡ್ಜ್‌ನಲ್ಲಿ ಇಳಿಸಿದರೆ ಪ್ರವಾಸ, ಮನೆಯಲ್ಲಿ ಇಳಿಸಿದರೆ ಕಲಿಕೆ.

ಬೈಕಲಾ ಟೀಚರ್

ನಾನು ಮುಂಬಯಿಯ ಮುನಿಸಿಪಾಲಿಟಿ ಕನ್ನಡ ಶಾಲೆಯಲ್ಲಿ ಪಾಠ ಹೇಳಿ ರಿಟೈರ್ ಆದವಳು. ನನ್ನ ಶಾಲೆಯ ದಾರಿಯಲ್ಲೇ ನಡೆದ ಒಂದು ಸಂಗತಿ ಇಲ್ಲಿ ಹೇಳಲೇಬೇಕು, ಸ್ವಲ್ಪ ಉದ್ದ ಆಗುತ್ತದೆ.

ಬೈಕಲಾ, ನಾಗಪಾಡಾ ಕಡೆ ಫುಟ್‌ಪಾತ್ ಮೇಲೆ ಗೋಡೆಗೆ ಆನಿಸಿ ಕಟ್ಟಿದ ಗುಡಿಸಲುಗಳು. 1985ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಬಂತು, ಇವರನ್ನು ಎಬ್ಬಿಸಬಹುದು ಅಂತ. ಆಗ ಸ್ಪಾರ್ಕ್ ಎಂಬ ಸಂಸ್ಥೆಗೆ ಒಂದು ವರ್ಷ ವಯಸ್ಸು. ಅವರು ಮತ್ತು ಫುಟ್‌ಪಾತಿನವರೇ ಸೇರಿ ಮನೆ ಮನೆ ಎಣಿಸಿದರು. ಸುಮಾರು 6,000 ಕುಟುಂಬ. ಅದಕ್ಕೂ ಮೊದಲು ಸರ್ಕಾರದ ಯಾವ ಪಟ್ಟಿಯಲ್ಲೂ ಇಲ್ಲದವರು. ಮುಂದಿನ ವರ್ಷ ಆ ಹೆಂಗಸರು ಮಹಿಳಾ ಮಿಲನ್ ಅಂತ ಸಂಘ ಕಟ್ಟಿದರು. ಇವರ ಜೊತೆ ನಿಂತವರು ಜೋಕಿನ್ ಅರ್ಪುತಂ. ನಮ್ಮ ಕೋಲಾರ ಚಿನ್ನದ ಗಣಿಯಲ್ಲಿ ಹುಟ್ಟಿದವರು, 60ರ ದಶಕದಲ್ಲಿ ಮುಂಬಯಿಗೆ ಬಂದು ಬಡಗಿ ಕೆಲಸ ಮಾಡಿ, ಸ್ಲಮ್ಮಿನಲ್ಲೇ ಬದುಕಿ, ದೇಶದ ಸ್ಲಂ ನಿವಾಸಿಗಳ ಒಕ್ಕೂಟ ಕಟ್ಟಿದವರು. 2000ದಲ್ಲಿ ಮ್ಯಾಗ್ಸೆಸೆ ಬಂತು, 2018ರಲ್ಲಿ ತೀರಿಕೊಂಡರು. ಕೆಜಿಎಫ್ ಅಂದರೆ ಸಿನಿಮಾ ನೆನಪಿಸಿಕೊಳ್ಳುವ ಹುಡುಗರಿಗೆ ಈ ಹೆಸರೂ ಗೊತ್ತಿರಲಿ.

ಮಹಿಳಾ ಮಿಲನ್ ಮಾಡುತ್ತಿದ್ದದ್ದು ನೋಡಲು ಏನೂ ಅಲ್ಲ. ದಿನಾ ಒಬ್ಬಳು ಗುಡಿಸಲಿಂದ ಗುಡಿಸಲಿಗೆ ಹೋಗಿ 1 ರೂಪಾಯಿ, 2 ರೂಪಾಯಿ ಉಳಿತಾಯ ಎತ್ತುವುದು. ದುಡ್ಡಿನ ಜೊತೆ ಸುದ್ದಿಯೂ ಬರುತ್ತದೆ: ಯಾರ ಮಗುವಿಗೆ ಜ್ವರ, ಯಾರ ಗಂಡ ಹೊಡೆದ. ಆಮೇಲೆ ಮನೆ ಹೇಗಿರಬೇಕು ಅಂತ ತಾವೇ ಯೋಚಿಸಿದರು. ಮಾಳಿಗೆ ಅಟ್ಟ ಬರಲಿ ಅಂತ 14 ಅಡಿ ಎತ್ತರ. ಮರದ ಚೌಕಟ್ಟು, ಬಟ್ಟೆ ಕಟ್ಟಿ ಆಳೆತ್ತರದ ಮಾದರಿ ಮನೆ ನಿಲ್ಲಿಸಿ ಎಲ್ಲರೂ ಒಳಗೆ ಓಡಾಡಿ ನೋಡಿದರು. ಅಧಿಕಾರಿಗಳನ್ನೂ ಕರೆದು ಓಡಾಡಿಸಿದರು.

1991ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಗುಡಿಸಲು ಬಡಾವಣೆಗಳ ಬಡವರ ಒಂದು ಸಭೆ ನಡೆಯಿತು, ಜೋಕಿನ್ ಹೋಗಿದ್ದರು. ಮಂಡೇಲಾ ಜೈಲಿನಿಂದ ಹೊರಗೆ ಬಂದಿದ್ದರು, ಇನ್ನೇನು ನಮ್ಮ ಸರ್ಕಾರ ಬಂದು ಮನೆ ಕೊಡುತ್ತದೆ ಅಂತ ಅಲ್ಲಿ ಎಲ್ಲರಿಗೂ ಆಸೆ. ಜೋಕಿನ್ ಅವರಿಗೆ, ಹಾಗೆ ಕಾಯುತ್ತಾ ಕೂರಬೇಡಿ, ನಮ್ಮ ದೇಶಕ್ಕೆ ಸ್ವಾತಂತ್ರ್ಯ ಬಂದು ಎಷ್ಟು ವರ್ಷವಾಯಿತು, ನಾವಿನ್ನೂ ಬೀದಿಯಲ್ಲಿದ್ದೇವೆ ಅಂತ ಹೇಳಿದರು. ಅಲ್ಲಿನ ಹೆಂಗಸರು ಮುಂಬಯಿಗೆ ಬಂದರು. ಬೈಕಲಾದ ಫುಟ್‌ಪಾತಿನಲ್ಲಿ ಕೂತು ಉಳಿತಾಯ ಎತ್ತುವುದು, ಮನೆ ಎಣಿಸುವುದು, ಮಾದರಿ ಮನೆ ಕಟ್ಟುವುದು ನೋಡಿದರು. ವಾಪಸ್ ಹೋಗಿ ತಾವೂ ಶುರು ಮಾಡಿದರು. 1994ರಲ್ಲಿ ಅವರ ಒಕ್ಕೂಟವಾಯಿತು. ಅವರ ಸಾಲದ ನಿಧಿಯ ಹೆಸರು ಉತ್ಶಾನಿ, ಅಂದರೆ ಹುಲ್ಲು. 1996ರಲ್ಲಿ ಹಲವು ದೇಶಗಳ ಇಂಥ ಒಕ್ಕೂಟಗಳು ಸೇರಿ ಎಸ್‌ಡಿಐ ಅನ್ನುವ ಕೂಟ ಮಾಡಿಕೊಂಡವು.

ಈಗ ಕೇಳಿ. ಕಲಿಯಲು ಬಂದ ಆ ಹೆಂಗಸರು ತಮ್ಮ ಊರಲ್ಲಿ ಕೆಲವೇ ವರ್ಷದಲ್ಲಿ ಮನೆ ಕಟ್ಟಲು ಶುರು ಮಾಡಿದರು. ಅಲ್ಲಿ ಹೊಸ ಸರ್ಕಾರ, ಜಾಗ ಇತ್ತು, ಸಬ್ಸಿಡಿ ಇತ್ತು. ಕಲಿಸಿದ ಬೈಕಲಾದ ಹೆಂಗಸರು ಮಾತ್ರ ಇನ್ನೂ ಫುಟ್‌ಪಾತಿನಲ್ಲೇ! ಮಾನಖುರ್ದ್‌ನ ಮಿಲನ್ ನಗರದಲ್ಲಿ ಅವರಲ್ಲಿ ಒಂದಷ್ಟು ಜನರಿಗೆ ಮನೆ ಸಿಕ್ಕಿದ್ದು 2000 ದಾಟಿದ ಮೇಲೆ. ಆ ಹೊತ್ತಿಗೆ ಕೆಲವರು ಅಜ್ಜಿಯರಾಗಿದ್ದರು. ಆಮೇಲೆ ಮುಂಬಯಿಯವರೇ ಆಫ್ರಿಕಾಕ್ಕೆ ಹೋಗಿ, ಕಟ್ಟಿದ ಮನೆ ನೋಡಿ ಬರುವ ಹಾಗಾಯಿತು.

ನಿಮ್ಮಕ್ಕನಿಗೆ ಬೇಕಾದ ವಿಷಯ ಇನ್ನೊಂದು. ಈ ವಿನಿಮಯದಲ್ಲಿ ಹೋಗುವುದಕ್ಕಿಂತ ಜಾಸ್ತಿ ಲಾಭ ಬರಮಾಡಿಕೊಳ್ಳುವುದರಲ್ಲಿ ಇತ್ತು. ಹೊರದೇಶದ ನೆಂಟರು ಬಂದಿದ್ದಾರೆ ಅಂದರೆ ವಾರ್ಡ್ ಆಫೀಸಿನ ಸಾಹೇಬರು ಕುರ್ಚಿ ಬಿಟ್ಟು ಫುಟ್‌ಪಾತಿಗೆ ಬರುತ್ತಾರೆ. ನಿನ್ನೆ "ಆಚೆ ನಿಲ್ಲು" ಅಂದವರು ಇವತ್ತು "ಬನ್ನಿ ಬೆಹನ್‌ಜಿ" ಅನ್ನುತ್ತಾರೆ. ಆ ಒಂದು ಗಂಟೆಯಲ್ಲಿ 2 ವರ್ಷದಿಂದ ಬಾಕಿ ಇದ್ದ ರೇಷನ್ ಕಾರ್ಡಿನ ಮಾತು ಎತ್ತಬಹುದು. ಎತ್ತುತ್ತಿದ್ದರು.

ಎದುರು ಮಾತು

ಟೀಚರ್, ಇದು ಬೇರೆ ಲೆಕ್ಕ. ಇಲ್ಲಿ ಬಡವರು ಬಡವರ ಮನೆಗೆ ಹೋಗಿದ್ದಾರೆ. ನಾನು ಬೈದದ್ದು ಬ್ಯಾನರ್ ಬಸ್ಸನ್ನು. ಒಂದು ಹೆಜ್ಜೆ ಹಿಂದೆ ಇಡುತ್ತೇನೆ. ಒಂದೇ ಹೆಜ್ಜೆ. ಪುಣೆ ಮಾತು ಹಾಗೇ ಇರಲಿ. ಅಲ್ಲಿಯವರೂ ಗಡಿ ದಾಟಿದವರೇ, 2008ರಲ್ಲಿ ಕೊಲಂಬಿಯಾದ ಬೊಗೋಟಾದಲ್ಲಿ ಚಿಂದಿ ಆಯುವವರ ಮೊದಲ ಜಾಗತಿಕ ಸಭೆ ನಡೆದಾಗ ಭಾರತದವರೂ ಹೋಗಿದ್ದರು. ಆದರೆ ಅಷ್ಟು ಹೊತ್ತಿಗೆ ಅವರ ಸಂಘಕ್ಕೆ 15 ವರ್ಷ ವಯಸ್ಸಾಗಿತ್ತು. ಹೇಳಲು ಅವರ ಹತ್ತಿರ ಮಾತಿತ್ತು.

ದಾರೆಸ್ಸಲಾಂ ಸೊಸೆ

ಮಾಮಾ ಮಾತು ಓದಿ ನಕ್ಕೆ. ಮದುವೆಯಾಗಿ ತಾಂಜಾನಿಯಾಕ್ಕೆ ಬಂದಾಗ ತರಕಾರಿ ಮಾರುವವಳು ನನ್ನನ್ನು ಮಾಮಾ ಅಂದಳು, ಮೊದಲ ದಿನ ಗಾಬರಿಯಾಗಿತ್ತು.

ಒಂದು ಸೇರಿಸುತ್ತೇನೆ. ಜಾಂಜಿಬಾರಿನ ಕಿನ್ಯಾಸಿನಿ ಎಂಬ ಹಳ್ಳಿಯಲ್ಲಿ ತಿಲೋನಿಯಾದ ಹಾಗೇ ಒಂದು ಕೇಂದ್ರ ಇದೆ. ಭಾರತಕ್ಕೆ ಹೋಗಿ ಕಲಿತು ಬಂದ ಹೆಂಗಸರು ಈಗ ಅಲ್ಲಿ ಸ್ವಾಹಿಲಿಯಲ್ಲೇ ಕಲಿಸುತ್ತಾರೆ. ಕೈಸನ್ನೆ ಬೇಕಿಲ್ಲ. ಮಕ್ಕಳನ್ನು 6 ತಿಂಗಳು ಬಿಟ್ಟು ವಿಮಾನ ಹತ್ತಬೇಕಿಲ್ಲ. ಊಟಕ್ಕೆ ಉಗಾಲಿ (ಮೆಕ್ಕೆಜೋಳದ ಮುದ್ದೆ), ಮೀನು. ರಾಜಸ್ಥಾನದ ರೊಟ್ಟಿ, ಬೇಳೆ ತಿಂದು ಸಾಕಾದವರಿಗೆ ಇದು ಸಣ್ಣ ವಿಷಯ ಅಲ್ಲ ನೋಡಿ.

ಆದರೆ ಹೊರಗೆ ಹೋಗಿ ಬಂದವಳಿಗೆ ಊರಲ್ಲಿ ಒಂದು ತೂಕ ಬರುತ್ತದೆ, ಅದು ಪಕ್ಕದ ಹಳ್ಳಿಯಲ್ಲಿ ಕಲಿತರೆ ಬರುವುದಿಲ್ಲ. ವಿಮಾನ ಹತ್ತಿ ಬಂದವಳು ಕಂಬ ಹತ್ತಿದರೆ ಯಾರೂ ನಗುವುದಿಲ್ಲ. ಇದು ಸರಿಯೋ ತಪ್ಪೋ, ಇರುವುದು ಹಾಗೆ.

ಪಿಯುಸಿ ಮುಗಿಸಿದವಳು

ನನಗೆ 22. ಎಲ್ಲರೂ ಅಜ್ಜಿಯರನ್ನು ಹೊಗಳುತ್ತಿದ್ದೀರಿ, ಒಂದು ಮಾತು ಕೇಳಲಾ? ಅಜ್ಜಿಯನ್ನೇ ಯಾಕೆ ಆರಿಸುತ್ತಾರೆ ಅಂತ ಬಂಕರ್ ರಾಯ್ ಅವರೇ ಹೇಳಿದ್ದಾರೆ. ಗಂಡಸರಿಗೆ ಸರ್ಟಿಫಿಕೇಟ್ ಸಿಕ್ಕ ಕೂಡಲೇ ಪಟ್ಟಣಕ್ಕೆ ಓಡುತ್ತಾರೆ, ಅಜ್ಜಿ ಊರು ಬಿಡುವುದಿಲ್ಲ. ಅಂದರೆ ಎಲ್ಲಿಗೂ ಹೋಗಲಾರಳು ಅನ್ನುವುದೇ ಅವಳ ಅರ್ಹತೆ. ಅದೇ ಕಾರಣಕ್ಕೆ ನಮ್ಮ ಒಕ್ಕೂಟದಲ್ಲೂ ನನ್ನನ್ನು ಯಾವ ತರಬೇತಿಗೂ ಕಳಿಸುವುದಿಲ್ಲ. "ನಾಳೆ ಮದುವೆಯಾಗಿ ಹೋಗುತ್ತೀಯ, ನಿನ್ನ ಮೇಲೆ ದುಡ್ಡು ಹಾಕಿ ಏನು ಲಾಭ" ಅನ್ನುತ್ತಾರೆ. ಗಾಡಿ ಓಡಿಸಲು ಬರುವುದು ನನಗೆ, ಜಿಪಿಎಸ್ ನೋಡಲು ಬರುವುದು ನನಗೆ, ಆ್ಯಪ್‌ನಲ್ಲಿ ಲೆಕ್ಕ ಹಾಕುವುದು ನಾನು.

ಮಾಜಿ ಸಹಯೋಗಿನಿ

ಮಗಳೇ, ನಿನ್ನ ಮಾತು ಚುಚ್ಚಿತು, ಸರಿಯಾಗೇ ಚುಚ್ಚಿತು. ನಾವೂ ಹಾಗೇ ಆರಿಸುತ್ತಿದ್ದೆವು. ಮಕ್ಕಳು ದೊಡ್ಡವರಾದವರು, ವಿಧವೆಯರು, ಗಂಡ ಬಿಟ್ಟವರು. ಅವರು ಬರಬಲ್ಲರು ಅಂತ. ಹುಡುಗಿಯರ ಅಪ್ಪಂದಿರ ಜೊತೆ ಜಗಳಕ್ಕೆ ನಮಗೆ ಆಗ ಶಕ್ತಿ ಇರಲಿಲ್ಲ, ಇದ್ದದ್ದು ಹಾಗೆ ಹೇಳುತ್ತಿದ್ದೇನೆ. ಆದರೆ ಅಜ್ಜಿಗೆ ಅದು ಮೊದಲನೇ ಅವಕಾಶ, ಬಹುಶಃ ಕೊನೆಯದೂ. ಅದನ್ನು ಕಿತ್ತು ನಿನಗೆ ಕೊಡು ಅಂದರೆ ನಾನು ಒಪ್ಪಲಾರೆ. ಇಬ್ಬರನ್ನೂ ಕಳಿಸಲಿ. ಒಬ್ಬಳಿಗೆ ಮಾತು ಬರುತ್ತದೆ, ಒಬ್ಬಳಿಗೆ ಲೆಕ್ಕ ಬರುತ್ತದೆ.

ಸೋಲಾರ್ ರಿಪೇರಿ, ಧಾರವಾಡ

ನಮ್ಮ ಅಂಗಡಿಗೆ ಬನ್ನಿ ಪಿಯುಸಿಯವರೇ, ಸೋಲ್ಡರಿಂಗ್ ಕಲಿಸುತ್ತೇನೆ. ಮದುವೆಯಾಗಿ ಹೋದರೆ ಆ ಊರಲ್ಲೂ ಬ್ಯಾಟರಿ ಸಾಯುತ್ತದೆ.

ಕಿಶನಗಢದ ಲೆಕ್ಕಿಗ

ಎಲ್ಲರಿಗೂ ಧನ್ಯವಾದ. ಇಡೀ ಚರ್ಚೆಯನ್ನು ಅಕ್ಕನಿಗೆ ಫೋನಿನಲ್ಲಿ ಓದಿ ಹೇಳಿದೆ, 2 ದಿನ ಹಿಡಿಯಿತು. ಸಾರಾಯಿ ಅಂಗಡಿ ಕತೆಯನ್ನು ಎರಡು ಸಲ ಓದಿಸಿದಳು.

ನಿನ್ನೆ ಒಕ್ಕೂಟದ ಸಭೆ ಆಯಿತಂತೆ. ಸಂಸ್ಥೆಯವರಿಗೆ ಇವರು ಹೇಳಿದ್ದು ಹೀಗೆ. 12 ಜನ ಬೇಡ, 5 ಜನ ಸಾಕು. ಲಾಡ್ಜ್ ಬೇಡ, ಸಂಘದವರ ಮನೆಯಲ್ಲೇ ಇಳಿಸಿ. ಉಳಿದ ದುಡ್ಡಿನಲ್ಲಿ ಮೊದಲು ಪುಣೆಗೆ ಕಳಿಸಿ, ಆಮೇಲೆ ಶ್ರೀಲಂಕಾದವರನ್ನು ನಮ್ಮೂರಿಗೆ ಕರೆಸಿ. ಅವರು ಬರುವ ದಿನ ಪಂಚಾಯಿತಿಯ ಪಿಡಿಒ, ತಾಲ್ಲೂಕು ಪಂಚಾಯಿತಿಯ ಇಒ ಇಬ್ಬರನ್ನೂ ಕರೆಯುತ್ತೇವೆ, ಒಣ ಕಸದ ಘಟಕಕ್ಕೆ ಇನ್ನೂ ಕರೆಂಟ್ ಕೊಟ್ಟಿಲ್ಲ, ಅದರ ಮಾತು ಆಡಬೇಕು. ಸಂಸ್ಥೆಯ ಹುಡುಗ "ಬಜೆಟ್ ಲೈನ್ ಬದಲಾಯಿಸಲು ಆಗುತ್ತದೋ ಇಲ್ಲವೋ ಕೇಳುತ್ತೇನೆ" ಅಂದನಂತೆ. ಇನ್ನೂ ಉತ್ತರ ಬಂದಿಲ್ಲ.

5 ಜನರಲ್ಲಿ ಗಾಡಿಯ ಡ್ರೈವರ್ ಹುಡುಗಿಯೂ ಇದ್ದಾಳೆ. ಅದಕ್ಕೆ ಸಭೆಯಲ್ಲಿ ಜಗಳವೇ ಆಯಿತಂತೆ, ಪಿಯುಸಿಯವರ ಮಾತನ್ನು ಅಕ್ಕ ತನ್ನದೇ ಮಾತಿನ ಹಾಗೆ ಹೇಳಿ ಗೆದ್ದಳಂತೆ. ಕ್ಷಮೆ ಇರಲಿ.

ಈಗ ಹೊಸ ತಲೆನೋವು. ಪಾಸ್‌ಪೋರ್ಟಿಗೆ ಕಾಗದ ಜೋಡಿಸುತ್ತಿದ್ದಾರೆ. 5 ಜನರಲ್ಲಿ 3 ಜನರ ಆಧಾರ್‌ನಲ್ಲಿ ಹುಟ್ಟಿದ ದಿನ ಜನವರಿ 1. ಅಕ್ಕನದೂ ಅದೇ. ಅವ್ವ ಹೇಳುವ ಪ್ರಕಾರ ಅವಳು ಹುಟ್ಟಿದ್ದು ಜೋಳದ ಸುಗ್ಗಿ ಮುಗಿದ ಮೇಲೆ, ಹುಲಿಗಿ ಜಾತ್ರೆಗೆ ಸ್ವಲ್ಪ ಮುಂಚೆ. ಒಬ್ಬರದು ಆಧಾರ್‌ನಲ್ಲಿ ತವರಿನ ಹೆಸರು, ವೋಟರ್ ಕಾರ್ಡಿನಲ್ಲಿ ಗಂಡನ ಹೆಸರು. ಇದನ್ನು ಸರಿ ಮಾಡಿಸಿದ ಅನುಭವ ಇರುವವರು ಯಾರಾದರೂ ಇದ್ದೀರಾ? ಮೊದಲು ಯಾವ ಕಾಗದ ತಿದ್ದಿಸಬೇಕು?